ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ನೆಟ್ ಯಾಕೆ ಹೋಯಿತು?

ಪ್ರಶ್ನೆ: ಮನೆಯಲ್ಲಿ ಫೈಲ್ ಸರ್ವರ್ ಆಗಿ ಬಳಸುವ ಲಿನಕ್ಸ್ ಪಿಸಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿದೆ. ಆನ್ ಮಾಡಿದರೆ ನೆಟ್ ಇಲ್ಲ. ಇಎನ್‌ಪಿ3ಎಸ್0 ಅಂತ ಇದ್ದ ಲ್ಯಾನ್ ಪೋರ್ಟ್ ಈಗ ಇಎನ್‌ಪಿ4ಎಸ್0 ಆಗಿದೆ. ಈ ಹೆಸರು ಬದಲಾಗಲ್ಲ ಅಂತಾರಲ್ವಾ?

ಉತ್ತರ: ಪೋರ್ಟ್ ಕೆಟ್ಟಿಲ್ಲ, ಸುಮ್ನೆ ಕೇಬಲ್ ಬದಲಿಸಲು ಹೋಗಬೇಡಿ. ನೀವು ಬರೆದಿಟ್ಟ ಐಪಿ ಸೆಟ್ಟಿಂಗ್ ಇನ್ನೂ ಹಳೇ ಹೆಸರನ್ನೇ ಹುಡುಕುತ್ತಿದೆ, ಅಷ್ಟೆ.

ಆ ಹೆಸರನ್ನು ಬಿಡಿಸಿ ನೋಡಿ. ಇಎನ್ ಅಂದರೆ ಈಥರ್ನೆಟ್. ಪಿ3 ಅಂದರೆ ಪಿಸಿಐ ಬಸ್ 3; ಕಾರ್ಡುಗಳನ್ನು ಮದರ್‌ಬೋರ್ಡಿಗೆ ಜೋಡಿಸುವ ದಾರಿಯೇ ಈ ಬಸ್. ಎಸ್0 ಅಂದರೆ ಆ ಬಸ್ಸಿನಲ್ಲಿ 0 ನಂಬರಿನ ಸ್ಲಾಟ್. ಇದು ಲ್ಯಾನ್ ಕಾರ್ಡಿನ ಹೆಸರಲ್ಲ, ಅದು ಕೂತ ಜಾಗದ ಗುರುತು. ಬೀದಿಯಲ್ಲಿ ‘ಮೂರನೇ ಮನೆಯವರು’ ಅನ್ನುವುದಿಲ್ಲವೇ, ಹಾಗೆ. ನಡುವಿನ ಖಾಲಿ ಸೈಟಿನಲ್ಲಿ ಇನ್ನೊಂದು ಮನೆ ಎದ್ದರೆ ಅವರೇ ನಾಲ್ಕನೆಯವರು! ಪಿಸಿ ಆನ್ ಆಗುವಾಗ ಬಸ್ಸುಗಳಿಗೆ ಸಾಲಾಗಿ ನಂಬರ್ ಬೀಳುತ್ತದೆ. ನಿಮ್ಮ ಹೊಸ ಕಾರ್ಡ್ ಮಧ್ಯೆ ಒಂದು ನಂಬರ್ ಹಿಡಿಯಿತು, ಲ್ಯಾನ್ ಹಿಂದೆ ಸರಿಯಿತು.

ಹಾಗಾದರೆ ಪೋರ್ಟುಗಳಿಗೆ ಈಥ್0, ಈಥ್1 ಅಂತ ಸಾಲಾಗಿ ಹೆಸರಿಡುತ್ತಿದ್ದ ಹಳೇ ಪದ್ಧತಿಯೇ ವಾಸಿಯಿತ್ತಾ? ಒಂದೇ ಪೋರ್ಟ್ ಇದ್ದರೆ ಹೌದು. ಎರಡಿದ್ದರೆ ಯಾವುದು ಮೊದಲು ಕಣ್ಣಿಗೆ ಬೀಳುತ್ತದೋ ಅದೇ ಈಥ್0. ಹೊರಗಿನ ನೆಟ್‌ನಿಂದ ಮನೆಯ ನೆಟ್‌ವರ್ಕನ್ನು ಕಾಯುವ ಫೈರ್‌ವಾಲ್ ಮಷೀನಿನಲ್ಲಿ ಒಳಗಿನ ಪೋರ್ಟ್, ಹೊರಗಿನ ಪೋರ್ಟ್ ಅದಲುಬದಲಾದರೆ ಏನು ಗತಿ? ಅದಕ್ಕೇ 2013ರಲ್ಲಿ, ಲಿನಕ್ಸ್ ಶುರುವಾಗುವುದನ್ನು ನೋಡಿಕೊಳ್ಳುವ ಸಿಸ್ಟಮ್‌ಡಿ ಸಾಫ್ಟ್‌ವೇರಿನ 197ನೇ ಆವೃತ್ತಿ ಈ ಹೊಸ ಹೆಸರುಗಳನ್ನು ತಂದಿತು. ಹಾರ್ಡ್‌ವೇರ್ ಹಾಗೇ ಇದ್ದರೆ ಪ್ರತಿ ಸಲವೂ ಅದೇ ಹೆಸರು. ಅದು ಕೊಟ್ಟ ಮಾತು ಅಷ್ಟೇ. ಹಾರ್ಡ್‌ವೇರ್ ಬದಲಿಸಿದ್ದು ನೀವು.

ಹೆಸರು ಅಲುಗಾಡಬಾರದು ಅಂದರೆ ಮ್ಯಾಕ್ ಅಡ್ರೆಸ್‌ಗೆ, ಅಂದರೆ ಲ್ಯಾನ್ ಪೋರ್ಟಿನ ಸ್ವಂತ ಗುರುತಿನ ನಂಬರಿಗೆ, ಕಟ್ಟಿಹಾಕಿ. ಇಟಿಸಿ ಒಳಗಿನ ಸಿಸ್ಟಮ್‌ಡಿ, ಅದರೊಳಗಿನ ನೆಟ್‌ವರ್ಕ್ ಫೋಲ್ಡರಿನಲ್ಲಿ ಒಂದು ‘.ಲಿಂಕ್’ ಫೈಲ್ ಮಾಡಿ. ಮ್ಯಾಚ್ ಭಾಗದಲ್ಲಿ ಪರ್ಮನೆಂಟ್ ಮ್ಯಾಕ್ ಅಡ್ರೆಸ್, ಲಿಂಕ್ ಭಾಗದಲ್ಲಿ ನಿಮಗೆ ಬೇಕಾದ ಹೆಸರು. ಫೈಲಿನ ಹೆಸರು 10ರಿಂದ ಶುರುವಾಗಲಿ. ಮೊದಲು ಹೊಂದಿದ ಫೈಲೇ ಗೆಲ್ಲುತ್ತದೆ, ಸಿಸ್ಟಮ್ಮಿನ ಸ್ವಂತ ಫೈಲ್ ಇರುವುದು 99ರಲ್ಲಿ. ಹೆಸರು ‘ಲ್ಯಾನ್0’ ಅಂತಲೋ ‘ಮನೆ0’ ಅಂತಲೋ ಇಂಗ್ಲಿಷ್ ಅಕ್ಷರದಲ್ಲಿ ಇರಲಿ, 15 ಅಕ್ಷರ ದಾಟಬಾರದು. ಈಥ್0 ಮಾತ್ರ ಬೇಡ, ಲಿನಕ್ಸಿನ ತಿರುಳಾದ ಕರ್ನಲ್ ತಾನೇ ಕೊಡುವ ಹೆಸರಿನ ಜೊತೆ ಜಗಳವಾಗುತ್ತದೆ.

ಐಪಿ ಸೆಟ್ಟಿಂಗಿನಲ್ಲೂ ಹೊಸ ಹೆಸರು ಹಾಕಿ. ಡೆಬಿಯನ್, ಉಬುಂಟು ಆದರೆ ಇನಿಟ್‌ರಾಮ್‌ಎಫ್‌ಎಸ್ (ಬೂಟ್ ಆಗುವಾಗ ಮೊದಲು ಲೋಡ್ ಆಗುವ ಪುಟ್ಟ ಫೈಲ್ ವ್ಯವಸ್ಥೆ) ಅಪ್‌ಡೇಟ್ ಮಾಡಿ ರೀಬೂಟ್ ಮಾಡಿ. ಇದನ್ನೆಲ್ಲ ಎಸ್‌ಎಸ್‌ಎಚ್‌ನಲ್ಲಿ ದೂರದಿಂದ ಮಾಡುವ ಧೈರ್ಯ ಬೇಡ. ಮಾನಿಟರ್, ಕೀಬೋರ್ಡ್ ಸಿಕ್ಕಿಸಿಕೊಂಡೇ ಕೂರಿ.