ನೆಲದ ಬದಲು ಜನರನ್ನು ಅಳೆಯುವ ಭೂಪಟ

ಮಾಮೂಲಿ ಭೂಪಟದಲ್ಲಿ ಬಾಂಗ್ಲಾದೇಶದ ಮೇಲೆ ಬೆರಳಿಟ್ಟರೆ ದೇಶವೇ ಮುಚ್ಚಿಹೋಗುತ್ತದೆ. ರಷ್ಯಾವನ್ನು ಮುಚ್ಚಲು ಅಂಗೈ ಸಾಲದು. ನೆಲದ ಲೆಕ್ಕದಲ್ಲಿ ರಷ್ಯಾ ನೂರು ಪಟ್ಟಿಗೂ ಜಾಸ್ತಿ ದೊಡ್ಡದು. ಆದರೆ ತಲೆ ಎಣಿಸಿ ನೋಡಿ: ಬಾಂಗ್ಲಾದೇಶದಲ್ಲಿ ಸುಮಾರು 17 ಕೋಟಿ ಜನ, ರಷ್ಯಾದಲ್ಲಿ 14 ಕೋಟಿ ಚಿಲ್ಲರೆ.

ಜನ ಎಷ್ಟೋ ಅಷ್ಟು ಜಾಗ ಅಂತ ಭೂಪಟ ಬರೆದರೆ? ಅದೇ ಕಾರ್ಟೋಗ್ರಾಮ್. ಭೂಪಟ ತಜ್ಞ ಎರ್ವಿನ್ ರೈಸ್ 1934ರಲ್ಲೇ ಇಂಥವನ್ನು ಆಯತಗಳಲ್ಲಿ ಬರೆದಿದ್ದರು. ಅಳತೆ ಸರಿಯಿತ್ತು, ಆದರೆ ಪ್ರದೇಶಗಳ ಮುಖಚಹರೆಯೇ ಮಾಯ.

2004ರಲ್ಲಿ ಮೈಕೇಲ್ ಗ್ಯಾಸ್ಟ್ನರ್ ಮತ್ತು ಮಾರ್ಕ್ ನ್ಯೂಮನ್ ಎಂಬ ವಿಜ್ಞಾನಿಗಳು ಇದಕ್ಕೆ ಭೌತಶಾಸ್ತ್ರದಿಂದ ಒಂದು ದಾರಿ ಹುಡುಕಿದರು. ನೀರಿಗೆ ಬಿದ್ದ ಶಾಯಿ ದಟ್ಟವಾಗಿರುವ ಕಡೆಯಿಂದ ತೆಳುವಾದ ಕಡೆಗೆ ಹರಡುತ್ತದಲ್ವಾ? ಹಾಗೆಯೇ ಜನದಟ್ಟಣೆಯನ್ನೂ ಕಂಪ್ಯೂಟರಿನಲ್ಲಿ ಹರಡಲು ಬಿಟ್ಟರು. ಎಲ್ಲ ಕಡೆ ಸಮವಾಗುವವರೆಗೆ. ಗಡಿಗೆರೆಗಳು ನೀರಲ್ಲಿ ತೇಲುವ ದಾರದಂತೆ ಅದರ ಜೊತೆಯೇ ಸರಿಯುತ್ತವೆ. ದಟ್ಟ ದೇಶ ಉಬ್ಬುತ್ತದೆ, ಖಾಲಿ ದೇಶ ಕುಗ್ಗುತ್ತದೆ. ಸಮುದ್ರದಲ್ಲಿ ಜನರಿಲ್ಲ ಅಂತ ಸುಮ್ನೆ ಸೊನ್ನೆ ಹಾಕಿದರೆ ದೇಶಗಳೆಲ್ಲ ನೀರಿನೊಳಕ್ಕೆ ಉಕ್ಕಿಬಿಡುತ್ತವೆ. ಅದಕ್ಕೇ ಅಲ್ಲಿ ಸರಾಸರಿ ದಟ್ಟಣೆ ತುಂಬುತ್ತಾರೆ. ನನಗೆ ತುಂಬ ಇಷ್ಟವಾದ ಉಪಾಯ ಇದು.

ಇದೇ ವಿಧಾನದಿಂದ 2006ರಲ್ಲಿ ‘ವರ್ಲ್ಡ್‌ಮ್ಯಾಪರ್’ ಯೋಜನೆ ನೂರಾರು ಭೂಪಟ ಹೊರತಂದಿತು. ಜನ, ಹಣ, ರೋಗ, ಶಾಲೆ, ಹೀಗೆ ಒಂದೊಂದಕ್ಕೂ ಒಂದೊಂದು. ಜನರ ಭೂಪಟದಲ್ಲಿ ಭಾರತ, ಚೀನಾ ಊದಿಕೊಂಡಿವೆ, ಆಸ್ಟ್ರೇಲಿಯಾ ಸಣ್ಣ ಪಟ್ಟಿಯಂತೆ ಒಣಗಿದೆ. ಹಣದ್ದಕ್ಕೆ ಬಂದರೆ ಜಪಾನ್ ಉಬ್ಬುತ್ತದೆ.

ನೋಡುವಾಗ ಎಚ್ಚರ ಬೇಕು. ಇವು ಸಾಮಾನ್ಯವಾಗಿ ಒಟ್ಟು ಲೆಕ್ಕ ತೋರಿಸುತ್ತವೆ, ತಲಾ ಲೆಕ್ಕವನ್ನಲ್ಲ. ಜನ ಜಾಸ್ತಿ ಇರುವ ದೇಶ ಹೆಚ್ಚುಕಡಿಮೆ ಎಲ್ಲದರಲ್ಲೂ ದೊಡ್ಡದಾಗಿಯೇ ಕಾಣುತ್ತದೆ. ದೇಶದೊಳಗಿನ ಬಡವ, ಶ್ರೀಮಂತರ ಅಂತರವೂ ಕಾಣುವುದಿಲ್ಲ. ಹಾಗಾಗಿ ಯಾವ ಭೂಪಟವನ್ನೂ ಒಂಟಿಯಾಗಿ ಓದಬೇಡಿ. ಪಕ್ಕದಲ್ಲಿ ಜನಸಂಖ್ಯೆಯದ್ದನ್ನೂ ಇಟ್ಟುಕೊಳ್ಳಿ.

ಹಾಗೆ ಇಟ್ಟುಕೊಂಡು ಆಫ್ರಿಕಾವನ್ನು ನೋಡಿ. ಐದು ವರ್ಷ ತುಂಬುವ ಮೊದಲೇ ತೀರಿಕೊಳ್ಳುವ ಮಕ್ಕಳ ಭೂಪಟ ಬರೆದರೆ, ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾವೇ ಅರ್ಧಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ವೈದ್ಯರ ಭೂಪಟದಲ್ಲಿ ಅದೇ ನೆಲ ಸಣಕಲು ಕಡ್ಡಿಯಂತೆ ಕುಗ್ಗಿ ನಿಂತಿದೆ.