ನೆಗಡಿ ಅಂತ ಬಂದ ಹುಡುಗ

ಏಪ್ರಿಲ್ ಬಿಸಿಲು. ಮಂಡ್ಯ ಕಡೆಯಿಂದ ಮೈಸೂರಿಗೆ ತಾಯಿ ಜೊತೆ ಬಂದಿದ್ದ ಹುಡುಗ ತುಂಬು ತೋಳಿನ ಸ್ವೆಟರ್ ಹಾಕಿದ್ದ. "ನೆಗಡಿ ಬಿಡ್ತಾನೇ ಇಲ್ಲ ಡಾಕ್ಟ್ರೇ. ಹೊಟ್ಟೆನೂ ಕೆಟ್ಟಿದೆ. ರಾತ್ರಿಯೆಲ್ಲ ಕಾಲು ಸೆಳೀತದೆ ಅಂತ ಒದ್ದಾಡ್ತಾನೆ" ಅಂದರು ತಾಯಿ. ಆಗಲೇ ಎರಡು ಕಡೆ ಆಂಟಿಬಯಾಟಿಕ್ ನುಂಗಿಸಿದ್ದರು. ಹುಡುಗ ಮೇಲಿಂದ ಮೇಲೆ ಆಕಳಿಸುತ್ತಿದ್ದ, ಮೂಗನ್ನು ತೋಳಿಗೇ ಒರೆಸಿಕೊಳ್ಳುತ್ತಿದ್ದ. ಸ್ವೆಟರ್ ತೋಳು ಮೇಲೆತ್ತಿ ನೋಡಿದೆ. ಮೈ ಮುಳ್ಳೆದ್ದಿತ್ತು. ಕಣ್ಣಪಾಪೆ ಅಗಲವಾಗಿತ್ತು. ಜ್ವರ ಮಾತ್ರ ಇರಲಿಲ್ಲ.

ಹೆರಾಯಿನ್ ಸಿಗದೆ ಅರ್ಧ ದಿನ ಆದಾಗ ಮೈ ಹೀಗಾಗುತ್ತದೆ. 8ರಿಂದ 12 ಗಂಟೆಯೊಳಗೆ ಶುರುವಾಗಿ, 2-3ನೇ ದಿನ ತುಂಬಾ ಜಾಸ್ತಿಯಾಗಿ, ವಾರದೊಳಗೆ ಇಳಿಯುತ್ತದೆ.

ತಾಯಿಯನ್ನು ಹೊರಗೆ ಕೂರಿಸಿ ಕೇಳಿದೆ. ಬೀಡಿಯಿಂದ ಶುರು ಮಾಡಿ, ಎಣ್ಣೆ, ಗಾಂಜಾ, ಪೌಡರ್ (ಅಂದರೆ ಹೆರಾಯಿನ್), ಮಾತ್ರೆ, ಒಂದೊಂದಾಗಿ. ಯಾವತ್ತಾದರೂ ತಗೊಂಡಿದ್ದೀಯಾ? ಕಳೆದ 3 ತಿಂಗಳಲ್ಲಿ? ವಿಶ್ವ ಆರೋಗ್ಯ ಸಂಸ್ಥೆಯ 'ಅಸಿಸ್ಟ್' ಪ್ರಶ್ನಾವಳಿಯೂ ಹೀಗೇ ಕೇಳುತ್ತದೆ. ಅದರಲ್ಲಿರುವುದು 8 ಪ್ರಶ್ನೆ, ಅಷ್ಟೇ. ಗದರದೆ ಕೇಳಿದರೆ ಹೇಳುತ್ತಾರೆ. ಇವನೂ ಹೇಳಿದ. ಆದರೆ ಅದಕ್ಕೂ ಮೊದಲು ಅವನೇ ಕೇಳಿದ್ದು: "ಪೊಲೀಸ್‌ಗೆ ಹೇಳ್ತೀರಾ ಸರ್?"

ಈ ಭಯವೇ ಎಷ್ಟೋ ಮಕ್ಕಳನ್ನು ಆಸ್ಪತ್ರೆ ಬಾಗಿಲಿಗೆ ಬರದಂತೆ ತಡೆದಿದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲಿ ಹೆರಾಯಿನ್ ಸೇವನೆ ಅಪರಾಧ, ನಿಜ. ಆದರೆ ಅದೇ ಕಾಯ್ದೆಯ 64ಎ ಕಲಂ ಇದೆ. ಸೇವನೆಗಾಗಿ ಅಥವಾ ಸಣ್ಣ ಪ್ರಮಾಣಕ್ಕಾಗಿ ಕೇಸ್ ಬಿದ್ದ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಇರುವ ಕಡೆ ಚಿಕಿತ್ಸೆ ಪಡೆದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಇದನ್ನು ಠಾಣೆಯಲ್ಲೂ ಕಾಲೇಜಿನಲ್ಲೂ ಗೋಡೆಗೆ ಅಂಟಿಸಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನೊಂದು ವಿಷಯ ಮನೆಯವರಿಗೆ ಪದೇ ಪದೇ ಹೇಳುತ್ತೇನೆ. ಹತ್ತು ದಿನ ಎಲ್ಲೋ ಕೂಡಿಹಾಕಿ "ಕ್ಲೀನ್" ಮಾಡಿಸಿಕೊಂಡು ಬಂದರೆ ಕಾಯಿಲೆ ಹೋಗಲಿಲ್ಲ. ಅಪಾಯ ಜಾಸ್ತಿ ಇರುವುದು ವಾಪಸ್ ಬಂದ ಮೇಲೆಯೇ. ಮೈ ತಡೆಯುವ ಶಕ್ತಿ ಇಳಿದಿರುತ್ತದೆ, ಕೈ ಮಾತ್ರ ಹಳೇ ಅಳತೆಗೇ ಹೋಗುತ್ತದೆ. ಉಸಿರು ನಿಂತು ಸಾಯುವವರಲ್ಲಿ ಇಂಥವರಿದ್ದಾರೆ. ಎಬ್ಬಿಸಿದರೆ ಏಳುತ್ತಿಲ್ಲ, ಉಸಿರು ನಿಧಾನ, ತುಟಿ ನೀಲಿ, ಕಣ್ಣಪಾಪೆ ಸೂಜಿಮೊನೆಯಷ್ಟು ಅಂತ ಕಂಡರೆ ತಕ್ಷಣ 108ಕ್ಕೆ ಫೋನ್ ಮಾಡಿ. ಹೆರಾಯಿನ್ ಪರಿಣಾಮ ಇಳಿಸುವ ನಾಲೋಕ್ಸೋನ್ ಇಂಜೆಕ್ಷನ್ ಸಮಯಕ್ಕೆ ಬಿದ್ದರೆ ಜೀವ ಉಳಿಯುತ್ತದೆ.

ಈ ಹುಡುಗನಿಗೆ ಬ್ಯುಪ್ರೆನಾರ್ಫಿನ್ ಶುರು ಮಾಡಿದೆವು, ನಾಲಗೆ ಕೆಳಗಿಡುವ ಮಾತ್ರೆ. ಇದೂ ಹೆರಾಯಿನ್ ಜಾತಿಯದೇ ಔಷಧಿ. "ಒಂದು ಚಟ ಬಿಡಿಸೋಕೆ ಇನ್ನೊಂದು ಚಟನಾ?" ಅಂತ ತಾಯಿ ಕಣ್ಣೀರು ಹಾಕಿದರು. ಅಲ್ಲಮ್ಮ. ಸರಿಯಾದ ಡೋಸ್‌ನಲ್ಲಿ ಇದು ಒದ್ದಾಟ ನಿಲ್ಲಿಸುತ್ತದೆ, ಹೆರಾಯಿನ್‌ನಂತೆ ತೇಲಿಸುವುದಿಲ್ಲ. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕು. ಬೇಗ ನಿಲ್ಲಿಸಿದರೆ ಮತ್ತೆ ಪೌಡರ್‌ಗೆ ಹೋಗುವವರೇ ಜಾಸ್ತಿ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಫೀಮು ಜಾತಿಯ ವಸ್ತುಗಳಲ್ಲಿ ನಮ್ಮ ದೇಶದವರು ಹೆಚ್ಚು ಬಳಸುವುದು ಹೆರಾಯಿನ್ ಅನ್ನೇ. ಪೊಲೀಸರು ಹಿಡಿದ ಪೌಡರ್ ತೂಕ ಸುದ್ದಿಯಾಗುತ್ತದೆ. ಚಿಕಿತ್ಸೆಯಲ್ಲಿ ಉಳಿದವರ ಲೆಕ್ಕವನ್ನೂ ಸರ್ಕಾರ ಕೇಳಬೇಕು, ಅಲ್ವಾ? ತಾಲೂಕು ಮಟ್ಟದಲ್ಲೇ ಈ ಮಾತ್ರೆ ಸಿಗಬೇಕು. ಇವನು ಈಗ ಗ್ಯಾರೇಜ್ ಕೆಲಸಕ್ಕೆ ಹೋಗುತ್ತಾನೆ. ವಾರಕ್ಕೊಮ್ಮೆ ಮೈಸೂರು ಬಸ್ ಹತ್ತುವ ದಿನ ಅವನಿಗೆ ಕೂಲಿ ಇಲ್ಲ.

ಫೋನಿನಲ್ಲಿ ಕೇಳಬೇಕೆಂದರೆ ವ್ಯಸನಮುಕ್ತಿ ಸಹಾಯವಾಣಿ 14446, ಅಥವಾ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416.