ಕೆಲಸ ಕೊಡಿಸುವವರಿಗೆ ನರ್ಸ್ ದುಡ್ಡು ಕೊಡಬೇಕಾ?

ಪ್ರಶ್ನೆ: ನಾವು ತೀರ್ಥಹಳ್ಳಿ ಕಡೆಯವರು. ಮಗಳು ಶಿವಮೊಗ್ಗದಲ್ಲಿ ಬಿಎಸ್‌ಸಿ ನರ್ಸಿಂಗ್ ಮುಗಿಸಿದ್ದಾಳೆ. ಆಸ್ಪತ್ರೆ ಲೈನಿನಲ್ಲಿ ನಮಗೆ ಪರಿಚಯದವರು ಯಾರೂ ಇಲ್ಲ. ಏಜೆನ್ಸಿಯವರೊಬ್ಬರು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಗ್ಯಾರಂಟಿ, 25 ಸಾವಿರ ಕಟ್ಟಿ, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟು ಹೋಗಿ ಅಂತಿದ್ದಾರೆ. ಕೊಡಬಹುದಾ?

ಉತ್ತರ: ಬೇಡ. ದುಡ್ಡೂ ಕೊಡಬೇಡಿ, ಮಾರ್ಕ್ಸ್ ಕಾರ್ಡೂ ಕೊಡಬೇಡಿ.

ಇದೇ ಪ್ರಶ್ನೆ ಸಾಗರದಿಂದ, ಹೊಸನಗರದಿಂದ, ಕೊಪ್ಪದಿಂದ ಬರುತ್ತಲೇ ಇರುತ್ತದೆ. ಮೊತ್ತ ಮಾತ್ರ ಬೇರೆ. ಹಾಗಂತ ಏಜೆನ್ಸಿಗಳೆಲ್ಲ ಮೋಸ ಅಂತಲ್ಲ. ಆಸ್ಪತ್ರೆಗಳಿಗೆ ಜನ ಒದಗಿಸುವ ಕಂಪನಿಗಳು ನಿಜವಾಗಲೂ ಇವೆ, ಅವುಗಳಿಂದ ಒಳ್ಳೆ ಕೆಲಸ ಸಿಕ್ಕವರೂ ಇದ್ದಾರೆ. ನೀವು ನೋಡಬೇಕಾದ್ದು ಒಂದೇ: ಆ ಏಜೆನ್ಸಿಯ ಗಿರಾಕಿ ಯಾರು? ನರ್ಸ್ ಬೇಕಾಗಿರುವುದು ಆಸ್ಪತ್ರೆಗೆ, ಹಾಗಾಗಿ ಹುಡುಕಿ ಕೊಟ್ಟ ಕೂಲಿಯನ್ನೂ ಆಸ್ಪತ್ರೆಯೇ ಕೊಡಬೇಕು. ಎಪಿಎಂಸಿಯಲ್ಲಿ ಕಮಿಷನ್ ಕೊಡಬೇಕಾದ್ದು ಕೊಂಡವರು, ಬೆಳೆದವರಲ್ಲ ಅಂತ ನಿಯಮ ಇದೆಯಲ್ಲ, ಹೆಚ್ಚೂಕಡಿಮೆ ಹಾಗೆ. ನಿಮ್ಮ ಹತ್ತಿರ ದುಡ್ಡು ತಗೊಂಡವರಿಗೆ ನಿಮ್ಮ ಮಗಳೇ ಗಿರಾಕಿ. ಆಮೇಲೆ ಅವಳು ಎಲ್ಲಿ ಸೇರಿದಳು, ಸಂಬಳ ಬಂತಾ, ಹಾಸ್ಟೆಲ್ ಇದೆಯಾ ಅನ್ನುವುದೆಲ್ಲ ಅವರಿಗೆ ಯಾಕೆ ಬೇಕು? ಅವರ ದುಡ್ಡು ಬಂದಾಯ್ತು.

ಈ ವ್ಯಾಪಾರದಲ್ಲಿ ಎರಡು ಬಗೆ. ಒಂದು, ಆಳು ಹುಡುಕಿ ಕೊಟ್ಟು ಕೈತೊಳೆದುಕೊಳ್ಳುವುದು. ಹುಡುಗಿ ಆಸ್ಪತ್ರೆಯ ನೌಕರಿಗೆ ಸೇರುತ್ತಾಳೆ, ಏಜೆನ್ಸಿ ಆಸ್ಪತ್ರೆಗೆ ಒಂದು ಬಿಲ್ ಕಳಿಸುತ್ತದೆ, ಕೆಲವು ತಿಂಗಳೊಳಗೆ ಬಿಟ್ಟು ಹೋದರೆ ಬದಲಿಗೆ ಇನ್ನೊಬ್ಬರನ್ನು ಕೊಡುತ್ತದೆ. ಇನ್ನೊಂದು ಹೊರಗುತ್ತಿಗೆ. ಕೆಲಸ ಆಸ್ಪತ್ರೆಯಲ್ಲಿ, ಸಂಬಳ ಕೊಡುವವರು ಏಜೆನ್ಸಿಯವರು. ನಿಮ್ಮ ಮಗಳ ಆಫರ್ ಲೆಟರ್ ಯಾರ ಲೆಟರ್‌ಹೆಡ್‌ನಲ್ಲಿದೆ ಅಂತ ಮೊದಲು ನೋಡಿ. ಆಸ್ಪತ್ರೆಯ ಹೆಸರು ಹೇಳಿ ಕರೆದು, ಕೊನೆಗೆ ಏಜೆನ್ಸಿಯ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಬಹಳ ಕಡೆ ನಡೆಯುತ್ತದೆ.

ಹೊರಗುತ್ತಿಗೆಯ ಬಿಲ್ ಹೇಗಿರುತ್ತೆ ಅಂತ ಒಮ್ಮೆ ಲೆಕ್ಕ ಹಾಕೋಣ. ಸುಲಭಕ್ಕೆ ಸಂಬಳ 15,000, ಅಷ್ಟೂ ಬೇಸಿಕ್ ಅಂತಿಟ್ಟುಕೊಳ್ಳಿ. ಏಜೆನ್ಸಿ ತನ್ನ ಪಾಲಿನ ಪಿಎಫ್, ಅದರ ಆಡಳಿತ ಖರ್ಚು ಎಲ್ಲ ಸೇರಿ 13 ಪರ್ಸೆಂಟ್ ಕಟ್ಟಬೇಕು, ಅದು 1,950. ನೌಕರರ ಆರೋಗ್ಯ ವಿಮೆ ಇಎಸ್‌ಐಗೆ 3.25 ಪರ್ಸೆಂಟ್, ಅಂದರೆ 488. ಸರ್ವಿಸ್ ಚಾರ್ಜ್ ಒಂದು ಸಾವಿರ ಅಂತ ಸೇರಿಸಿ. 18,438 ಆಯ್ತು. ಇದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಖಾಸಗಿ ಆಸ್ಪತ್ರೆಗೆ ಹೋಗುವ ಬಿಲ್ 21,757 ರೂಪಾಯಿ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲವಲ್ಲ, ಹಾಗಾಗಿ ಆಸ್ಪತ್ರೆ ಹೀಗೆ ಕಟ್ಟಿದ ತೆರಿಗೆಯನ್ನು ಎಲ್ಲೂ ವಜಾ ಹಾಕಿಕೊಳ್ಳಲು ಬರುವುದಿಲ್ಲ, ಅದು ಹೋದದ್ದು ಹೋದಂತೆ. ಇತ್ತ ಹುಡುಗಿಯ ಕೈಗೆ ಅವಳ ಪಾಲಿನ ಪಿಎಫ್ 1,800, ಇಎಸ್‌ಐ 113 ಕಳೆದು ಸಿಗುವುದು 13,087.

ಇದರಲ್ಲಿ ನಿಮಗೆ ಬೇಕಾದ ವಿಷಯ ಎರಡಿವೆ. ನೇರವಾಗಿ ಸೇರಿಸಿಕೊಂಡರೆ ಆಸ್ಪತ್ರೆಗೇ ಉಳಿತಾಯ, ಅದಕ್ಕೇ ಬಾಗಿಲು ತಟ್ಟಿದವರನ್ನು ಸುಮ್ನೆ ವಾಪಸ್ ಕಳಿಸುವುದು ಕಡಿಮೆ. ಇನ್ನೊಂದು, ಪಿಎಫ್ ಕಡಿದು ಕಟ್ಟದೇ ಇರುವ ಏಜೆನ್ಸಿಗೆ ಎರಡೂ ಕಡೆಯ ದುಡ್ಡು ಜೇಬಿಗೆ. ಸೇರಿದ ಎರಡನೇ ತಿಂಗಳೇ ಯುಎಎನ್ (ಅವಳ ಪಿಎಫ್ ಗುರುತಿನ ಸಂಖ್ಯೆ) ಕೇಳಿ, ಸರ್ಕಾರದ ಉಮಂಗ್ ಆ್ಯಪ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆಗೆದು ನೋಡಲಿ. ಸಂಬಳ 21,000 ದಾಟದಿದ್ದರೆ ಇಎಸ್‌ಐ ಕೂಡ ಇರಬೇಕು, ಅದರ ಚಿಕಿತ್ಸೆ ಅಪ್ಪ ಅಮ್ಮನಿಗೂ ಆಗುತ್ತದೆ, ಅವರು ಅವಳ ಆದಾಯದ ಮೇಲೇ ಇದ್ದರೆ.

ಈಗ ಕೆಲಸ ಹುಡುಕುವ ವಿಷಯ. ಎಲ್ಲಕ್ಕಿಂತ ಮೊದಲು ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಕೈಯಲ್ಲಿರಬೇಕು. ಎಲ್ಲರೂ ಕೆಎನ್‌ಸಿ ನಂಬರ್ ಅನ್ನುತ್ತಾರಲ್ಲ, ಅದೇ. ಅದಿಲ್ಲದೆ ಡಿಗ್ರಿ ಇದ್ದರೂ ಒಳ್ಳೆ ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್ ಆಗುವುದು ಕಷ್ಟ, ಟ್ರೈನಿ ಅಂತ ಕೂರಿಸಿ ಅರ್ಧ ಸಂಬಳ ಕೊಡುತ್ತಾರೆ. ಅದು ಬಂದ ಮೇಲೆ ಮಗಳು ಒಂದು ಫೈಲ್ ಹಿಡಿದು ದುರ್ಗಿಗುಡಿ, ಕುವೆಂಪು ರಸ್ತೆ, ಸವಳಂಗ ರಸ್ತೆ ಕಡೆ ಒಂದು ಸುತ್ತು ಹಾಕಲಿ. ರಿಸೆಪ್ಷನ್‌ನಲ್ಲಿ ರೆಸ್ಯೂಮೆ ಕೊಟ್ಟು ಬರುವುದು ದಂಡ, ಅದು ಡ್ರಾಯರಿನಲ್ಲೇ ಉಳಿಯುತ್ತದೆ. ಬೆಳಗ್ಗೆ ರೌಂಡ್ಸ್ ಮುಗಿದ ಮೇಲೆ, ಹನ್ನೊಂದರ ಹೊತ್ತಿಗೆ ಹೋಗಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಅವರನ್ನು ಕೇಳಬೇಕು. ಯಾವ ವಾರ್ಡಿನಲ್ಲಿ ಯಾರು ಮದುವೆ ಆಗಿ ಬಿಡುತ್ತಿದ್ದಾರೆ, ಯಾರು ಹೆರಿಗೆ ರಜೆ ಮೇಲೆ ಹೋಗುತ್ತಿದ್ದಾರೆ ಅಂತ ಎಚ್‌ಆರ್‌ನವರಿಗಿಂತ ಮೊದಲು ಗೊತ್ತಾಗುವುದು ಅವರಿಗೇ. "ಐಸಿಯು, ನೈಟ್ ಡ್ಯೂಟಿ ಆದರೂ ಸರಿ ಮೇಡಂ" ಅಂದರೆ ಮಾತು ಮುಂದುವರಿಯುತ್ತದೆ. ಐಸಿಯು, ಆಪರೇಷನ್ ಥಿಯೇಟರ್, ಡಯಾಲಿಸಿಸ್, ಈ ಮೂರು ಕಡೆ ಕಲಿತವರಿಗೆ ಮುಂದೆ ಎಲ್ಲೂ ಕೆಲಸಕ್ಕೆ ಬರ ಇಲ್ಲ.

ಕಾಲೇಜಿನ ಸೀನಿಯರ್‌ಗಳ ವಾಟ್ಸ್‌ಆ್ಯಪ್ ಗ್ರೂಪನ್ನೂ ಬಿಡಬೇಡಿ. ಬೆಂಗಳೂರಿನ ಆಸ್ಪತ್ರೆಗಳ ವಾಕ್-ಇನ್ ಸುದ್ದಿ ಮೊದಲು ಬರುವುದು ಅಲ್ಲಿಗೆ. ಅಲ್ಲದೆ, ಅಲ್ಲೇ ಕೆಲಸ ಮಾಡುವ ಅಕ್ಕಂದಿರು ನಿಜವಾದ ಸಂಬಳ ಎಷ್ಟು, ಡಬಲ್ ಡ್ಯೂಟಿ ಎಷ್ಟು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ.

ಸರ್ಕಾರಿ ಕಡೆ ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳಿಗೆ ಆಗಾಗ ಕರೆಯುತ್ತಾರೆ. ಜಿಲ್ಲೆಯ ವೆಬ್‌ಸೈಟ್, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಆಫೀಸಿನ ನೋಟಿಸ್ ಬೋರ್ಡ್ ನೋಡ್ತಾ ಇರಿ. ಆಯ್ಕೆ ಮೆರಿಟ್ ಮತ್ತು ಮೀಸಲಾತಿ ಮೇಲೆ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಕೊಡಿಸ್ತೀನಿ, ತಾಲ್ಲೂಕು ಆಸ್ಪತ್ರೆಯಲ್ಲಿ ಹೊರಗುತ್ತಿಗೆ ಹಾಕಿಸ್ತೀನಿ, ಸಾಹೇಬರು ನಮ್ಮವರೇ ಅಂತ ಯಾರಾದರೂ ಬಂದರೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ.

ಒರಿಜಿನಲ್ ಬೇಡ ಅಂತ ಯಾಕೆ ಇಷ್ಟು ಒತ್ತಿ ಹೇಳಿದೆ ಅಂದರೆ, ಅದು ಕೈಯಲ್ಲಿಲ್ಲದ ದಿನವೇ ಅದರ ಅಗತ್ಯ ಬೀಳುತ್ತದೆ. ಗುತ್ತಿಗೆ ಹುದ್ದೆಯ ನೇರ ಸಂದರ್ಶನಕ್ಕೆ ಹೋದವರು ಅದೇ ದಿನ ಮೂಲ ದಾಖಲೆ ತೋರಿಸಬೇಕು. ಅದು ಯಾವುದೋ ಏಜೆನ್ಸಿಯ ಬೀರುವಿನಲ್ಲಿದ್ದರೆ, ಬಿಡಿಸಿಕೊಳ್ಳಲು ಮತ್ತೆ ದುಡ್ಡು ಕೇಳುತ್ತಾರೆ. ತೋರಿಸಿ, ಜೆರಾಕ್ಸ್ ಕೊಟ್ಟು, ಅಲ್ಲೇ ವಾಪಸ್ ತಗೊಳ್ಳಿ. ಎರಡು ವರ್ಷದ ಬಾಂಡ್ ಅಂತ ಖಾಲಿ ಚೆಕ್ ಕೇಳಿದರೂ ಇದೇ ಉತ್ತರ.

ಸಂಬಳ ಎಷ್ಟು ಕೇಳಬಹುದು? ನರ್ಸ್‌ಗಳ ಸಂಘ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದಂತೆ ಕೇಂದ್ರ ಒಂದು ಸಮಿತಿ ಮಾಡಿತು. 50ಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದರೆ ಸರ್ಕಾರಿ ನರ್ಸ್‌ಗೆ ಸಮನಾಗಿ ಕೊಡಬೇಕು ಅಂತ ಆ ಸಮಿತಿಯ ಶಿಫಾರಸು. ಶಿಫಾರಸು ಕಾಗದದಲ್ಲಿ ಚೆನ್ನಾಗಿದೆ. ನಮ್ಮ ಕಡೆಯ ಎಷ್ಟೋ ನರ್ಸಿಂಗ್ ಹೋಮ್‌ಗಳಲ್ಲಿ ಇವತ್ತಿಗೂ ಫ್ರೆಷರ್‌ಗೆ ಅಷ್ಟು ಸಿಗುವುದಿಲ್ಲ. ಆದರೂ ಮಾತಿಗೆ ಕೂತಾಗ ಈ ಅಂಕಿ ತಲೆಯಲ್ಲಿರಲಿ.

ವಿದೇಶದ ಆಸೆ ಇದ್ದರೆ ನಿಯಮ ಸ್ವಲ್ಪ ಬೇರೆ. ಅಲ್ಲಿ ನೋಂದಾಯಿತ ಏಜೆಂಟ್ ಸೇವಾ ಶುಲ್ಕ ತಗೊಳ್ಳಬಹುದು, ಆದರೆ ಗರಿಷ್ಠ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ, ರಸೀದಿ ಕೊಟ್ಟು. ಲಕ್ಷಗಟ್ಟಲೆ ಕೇಳಿದರೆ ಕಾನೂನು ಮೀರಿದ್ದೇ. ಏಜೆಂಟ್ ಹೆಸರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟ್‌ನಲ್ಲಿ ಇದೆಯಾ ನೋಡಿ. ಸೌದಿ, ಕುವೈತ್‌ನಂಥ ದೇಶಗಳಿಗೆ ಹೋಗುವ ನರ್ಸ್‌ಗಳಿಗೆ 2015ರಿಂದ ಅದರ ಮೂಲಕವೇ ಕ್ಲಿಯರೆನ್ಸ್ ಬೇಕು. ವಿಸಿಟ್ ವೀಸಾದಲ್ಲಿ ಹೋಗಿ, ಆಮೇಲೆ ಬದಲಾಯಿಸೋಣ ಅಂದರೆ ಅಲ್ಲಿಗೇ ನಿಲ್ಲಿಸಿ. ಸುಳ್ಳು ಅನುಭವ ಪತ್ರ ಮಾಡಿಸಿ ಕೊಡ್ತೀವಿ ಅನ್ನುವವರೂ ಸಿಗುತ್ತಾರೆ. ಗಲ್ಫ್ ದೇಶಗಳು ಡೇಟಾಫ್ಲೋ ಅಂತ ಒಂದು ಪರಿಶೀಲನೆ ಮಾಡಿಸುತ್ತವೆ, ಅದರಲ್ಲಿ ಕಾಲೇಜು, ಕೌನ್ಸಿಲ್, ಹಳೇ ಆಸ್ಪತ್ರೆ ಎಲ್ಲರಿಗೂ ನೇರವಾಗಿ ಬರೆದು ಕೇಳುತ್ತಾರೆ. ಸಿಕ್ಕಿಬಿದ್ದರೆ ಆ ದಾರಿ ಪೂರ್ತಿ ಬಂದ್.

ಇದನ್ನು ಓದುತ್ತಿರುವ ಸಣ್ಣ ಆಸ್ಪತ್ರೆ ನಡೆಸುವ ಡಾಕ್ಟರುಗಳಿಗೂ ಒಂದು ಮಾತು, ಯಾಕೆಂದರೆ "ನರ್ಸ್‌ಗಳು ನಿಲ್ಲೋದೇ ಇಲ್ಲ ಮಾರಾಯ್ರೆ" ಅಂತ ನೀವೂ ಹೇಳ್ತಾ ಇರ್ತೀರಿ. ಸಂಜೆ ಪಾಳಿ ಎಂಟಕ್ಕೆ ಬಿಡುತ್ತದೆ, ಹಳ್ಳಿ ಕಡೆಯ ಕೊನೆ ಬಸ್ಸು ಏಳೂವರೆಗೇ ಹೋಗಿರುತ್ತದೆ, ಹೊರಗೆ ಮಲೆನಾಡಿನ ಜುಲೈ ಮಳೆ. ಹುಡುಗಿ ಎಷ್ಟು ದಿನ ನಿಲ್ಲುತ್ತಾಳೆ? ಪಾಳಿಯನ್ನು ಬಸ್ಸಿನ ಟೈಮಿಗೆ ಹೊಂದಿಸಿ, ಇಲ್ಲವೇ ಆಸ್ಪತ್ರೆ ಹತ್ತಿರ ಬಿಸಿನೀರು ಬರುವ ಒಂದು ರೂಮ್ ಕೊಡಿ. ಏಜೆನ್ಸಿಗೆ ಕಟ್ಟುವ ಸರ್ವಿಸ್ ಚಾರ್ಜ್, ಜಿಎಸ್‌ಟಿ ದುಡ್ಡನ್ನು ಸಂಬಳಕ್ಕೆ ಸೇರಿಸಿದರೆ ಪಕ್ಕದ ಊರಿನ ಮದುವೆಯಾದ, ಅನುಭವ ಇರುವ ನರ್ಸ್‌ಗಳು ಬರುತ್ತಾರೆ. ಬೆಂಗಳೂರಿಗೆ ಹಾರಲು ಒಂದು ವರ್ಷದ ಅನುಭವಕ್ಕೆ ಕಾಯುವ ಫ್ರೆಷರ್‌ಗಿಂತ ಅವರು ಜಾಸ್ತಿ ದಿನ ಇರುತ್ತಾರೆ. ಸರ್ಟಿಫಿಕೇಟ್ ಹಿಡಿದಿಟ್ಟು ಯಾರನ್ನೂ ಉಳಿಸಿಕೊಳ್ಳಲು ಆಗಲ್ಲ, ಆ ಸುದ್ದಿ ಮರುದಿನವೇ ಮೇಲೆ ಹೇಳಿದ ವಾಟ್ಸ್‌ಆ್ಯಪ್ ಗ್ರೂಪಿಗೆ ಬಂದಿರುತ್ತದೆ.

ಪ್ರಶ್ನೆ ಕೇಳಿದವರಿಗೆ ಮತ್ತೆ: ಅಕಸ್ಮಾತ್ ಈಗಾಗಲೇ ಕೊಟ್ಟಿದ್ದರೆ? ಫೋನ್‌ಪೇ, ಗೂಗಲ್‌ಪೇನಲ್ಲಿ ಕಳಿಸಿ, ಆ ಕಡೆಯವರು ಫೋನ್ ಎತ್ತುತ್ತಿಲ್ಲ ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬೇಗ ಮಾಡಿದಷ್ಟೂ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ನಗದು ಕೊಟ್ಟಿದ್ದರೆ ಚಾಟ್, ಕರೆಗಳ ವಿವರ ಅಳಿಸದೆ ಇಟ್ಟುಕೊಂಡು ಹತ್ತಿರದ ಠಾಣೆಗೆ ಹೋಗಿ. ಮಾರ್ಕ್ಸ್ ಕಾರ್ಡ್ ಅವರ ಹತ್ತಿರವೇ ಉಳಿದಿದ್ದರೆ ಅದನ್ನೂ ದೂರಿನಲ್ಲೇ ಬರೆಸಿ.